ಹೆಬ್ಬೆರಳುದ್ದದ ಇಂಜಿನ್

ನನ್ನ ಅಣ್ಣನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಕಿವಿ ಮೇಸ್ತ್ರಿ. ಗ್ಯಾರೇಜಿಗೆ ಬಂದ ಕಾರಿನ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಅದರ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಅರ್ಧ ನಿಮಿಷ. ಆಮೇಲೆ "ಬೇರಿಂಗ್" ಅಂತಲೋ "ಚೈನ್ ಸಡಿಲ" ಅಂತಲೋ ಒಂದೇ ಮಾತು. ನಲವತ್ತು ವರ್ಷ ಆ ಮಾತು ಸುಳ್ಳಾಗಲಿಲ್ಲ. ಆ ಹಿಡಿ ಅವನ ಕಿವಿಗೆ ಉಜ್ಜಿ ಉಜ್ಜಿ ಒಂದು ಪಕ್ಕ ನುಣ್ಣಗಾಗಿ ಹೊಳೆಯುತ್ತಿತ್ತು.

ನಾನು ಅವನ ತಂಗಿ, ದರ್ಜಿ. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಮ್ಮಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ಒಂದು ತಪ್ಪೂ ಬರುತ್ತದೆ. ನನ್ನ ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಹದಿನೈದನೇ ದಿನ ಅಣ್ಣ ಯಾರದೋ ಕಾರಿನ ಮೇಲೆ ಹಗ್ಗ ಬಿಗಿದು ಒಂದು ಹಳೇ ಹೊಲಿಗೆ ಮೆಷಿನ್ ತಂದಿಳಿಸಿದ. ಪ್ರತಿ ತಿರುಪನ್ನೂ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದ. "ಅತ್ತಿದ್ದು ಸಾಕು, ತುಳಿ" ಅಂದ. ಅವತ್ತಿನಿಂದ ಇಪ್ಪತ್ತೆರಡು ವರ್ಷ ತುಳಿಯುತ್ತಿದ್ದೇನೆ. ಅವನೂ ನಮ್ಮ ಜೊತೆಗೇ ಉಳಿದ. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಇವನ ಮದುವೆ ಕಾರ್ಬುರೇಟರ್ ಜೊತೆ ಯಾವತ್ತೋ ಆಯ್ತು, ನಮ್ಮನ್ನ ಕರೀಲಿಲ್ಲ ಅಷ್ಟೇ" ಅಂತ ನಾನೇ ಉತ್ತರ ಕೊಡುತ್ತಿದ್ದೆ.

ಕಿವಿ ಹೋಗಿದ್ದು ಒಂದೇ ದಿನದಲ್ಲಲ್ಲ. ಮೊದಲು ಬಾಗಿಲು ಬಡಿದದ್ದು ಕೇಳಿಸಲಿಲ್ಲ, ಆಮೇಲೆ ಕುಕ್ಕರಿನ ಸೀಟಿ. ಅವನು ಯಾರಿಗೂ ಹೇಳದೆ ನಡೆಸಿಕೊಂಡು ಹೋದ. ಒಂದು ದಿನ ಗ್ಯಾರೇಜಿನಲ್ಲಿ ಎಂದಿನಂತೆ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, "ಏನೂ ಇಲ್ಲ, ಕಳಿಸು" ಅಂದ. ಇಂಜಿನ್ ಒಳಗೆ ಕಟಕಟ ಅಂತ ಬಡಿಯುತ್ತಿದ್ದದ್ದು ಅಲ್ಲಿದ್ದ ಎಲ್ಲರಿಗೂ ಕೇಳಿಸುತ್ತಿತ್ತಂತೆ. ಯಾರೂ ಬಾಯಿ ಬಿಡಲಿಲ್ಲ. ಕಿವಿ ಮೇಸ್ತ್ರಿ ಸರಿ ಅಂದಮೇಲೆ ತಪ್ಪು ಅನ್ನುವವರು ಯಾರು? ಸಂಜೆಗೆ ಆ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಒಳಗಿನ ರಾಡ್ ಮುರಿದು ಇಂಜಿನ್ನಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಗೆ ಬಂದಿತ್ತು.

ಅಣ್ಣ ಮನೆಗೆ ಬಂದವನೇ ಸ್ಕ್ರೂಡ್ರೈವರನ್ನು ನನ್ನ ಕತ್ತರಿಗಳ ಡ್ರಾಯರಿಗೆ ಹಾಕಿ ಮುಚ್ಚಿದ. ಮತ್ತೆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಕಿವಿಗೆ ಯಂತ್ರ ಹಾಕಿಸಿದೆವು. ಎರಡು ದಿನ ಹಾಕಿಕೊಂಡು, "ತಲೆ ಒಳಗೆ ತಗಡು ಬಡಿದ ಹಾಗಾಗುತ್ತೆ, ಮಾತು ಮಾತ್ರ ತಿಳಿಯಲ್ಲ" ಅಂತ ತೆಗೆದಿಟ್ಟ. ನಾನು ಅವನಿಗೆ ಹೇಳಬೇಕಾದದ್ದನ್ನೆಲ್ಲ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬಟ್ಟೆ ಕತ್ತರಿಸುವ ನನ್ನ ಕಪ್ಪು ಮೇಜಿನ ಮೇಲೆ ಬರೆಯುತ್ತಿದ್ದೆ. ಅವನು ಓದಿ, ತೋಳಿನಿಂದ ಒರೆಸುತ್ತಿದ್ದ. ಉಳಿದ ಹೊತ್ತು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಐದು ತಿಂಗಳು ಹೀಗೇ ಹೋಯಿತು. ಕಾಯಿಲೆ ಇಲ್ಲದೆಯೇ ಮನುಷ್ಯ ಇಳಿದುಹೋಗುವುದನ್ನು ನಾನು ನೋಡಿದ್ದು ಆಗಲೇ. ಇವನು ಈ ಕುರ್ಚಿಯಿಂದ ಇನ್ನು ಏಳುವುದಿಲ್ಲ ಅಂತ ನನಗೆ ಒಳಗೊಳಗೇ ಭಯ ಶುರುವಾಗಿತ್ತು.

ನನ್ನ ಮಗಳು ಆಟಿಕೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೂಲೆ ಜಜ್ಜಿಹೋಗಿ ಯಾರೂ ಕೊಳ್ಳದ ಒಂದು ಡಬ್ಬಿಯನ್ನು ಮಾಲೀಕರನ್ನು ಕೇಳಿ ತಂದಳು. ಒಳಗೆ ಪ್ಲಾಸ್ಟಿಕ್ ಕಾರಿನ ಬಿಡಿಭಾಗಗಳು, ಎಲ್ಲವೂ ಬೂದು ಬಣ್ಣದ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು. ಒಂದೊಂದನ್ನೇ ಕತ್ತರಿಸಿ, ಅಂಟು ಹಾಕಿ ಜೋಡಿಸಿ, ಬಣ್ಣ ಬಳಿಯಬೇಕು.

"ಅರವತ್ತೊಂದು ವಯಸ್ಸಾಯ್ತು ನಂಗೆ. ತೊಟ್ಟಿಲೂ ತಂದಿದ್ದೀಯೇನೇ?" ಅಂದ ಅಣ್ಣ.

ಮಗಳು ಇಂಜಿನ್ ಇದ್ದ ಚೌಕಟ್ಟನ್ನು ಅವನ ತೊಡೆಯ ಮೇಲಿಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನ ನಾನು ತಿರುಗಿ ನೋಡಿದಾಗ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. "ಆರು ಸಿಲಿಂಡರು" ಅಂದ, ತನಗೆ ತಾನೇ. ಸ್ವಲ್ಪ ಹೊತ್ತಾದ ಮೇಲೆ, "ಪಂಪ್ ತಪ್ಪು ಕಡೆ ಇಟ್ಟಿದ್ದಾರೆ ಕತ್ತೆಗಳು" ಅಂದ. ಅಷ್ಟು ದಿನಗಳ ಮೇಲೆ ಅವನು ಯಾರನ್ನೋ ಬೈದದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂತೀರಿ!

ನನ್ನ ಕತ್ತರಿಸುವ ಮೇಜಿನ ಅರ್ಧ ಭಾಗ ಅವನದಾಯಿತು. ಅದು ಮೆಷಿನ್ನಿಗೆ ತಾಗಿಕೊಂಡೇ ಇದೆ. ನೂಲು ಕತ್ತರಿಸುವ ನನ್ನ ಪುಟ್ಟ ಕತ್ತರಿ ಹೋಯಿತು, ಮಗಳ ಉಗುರು ಉಜ್ಜುವ ಪಟ್ಟಿ ಹೋಯಿತು, ಅಂಟು ಒಣಗುವ ತನಕ ಬಿಗಿಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೂ ಹೋದವು. ಡಬ್ಬಿಯಲ್ಲಿ ಜೋಡಿಸುವ ವಿಧಾನದ ಕಾಗದವಿತ್ತು. ಅವನು ಅದನ್ನು ಮಡಚಿ ಮೇಜಿನ ಕುಂಟು ಕಾಲಿನ ಕೆಳಗೆ ಇಟ್ಟ. ನಲವತ್ತು ವರ್ಷದ ಅಭ್ಯಾಸದಂತೆ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದ. ಮರುದಿನ ಬಳಿದ ಬಣ್ಣ ಒಂದೂ ಹಿಡಿಯದೆ ಹನಿ ಹನಿಯಾಗಿ ಸರಿದು ಕೂತಿತು. ಮಗಳು ಮೇಜಿನ ಮೇಲೆ "ಸೋಪು ನೀರು ಮಾವ!" ಅಂತ ದಪ್ಪಕ್ಷರದಲ್ಲಿ ಬರೆದಳು. ಎಲ್ಲವನ್ನೂ ಮತ್ತೆ ತೊಳೆದ. ಆಮೇಲೆ ನನ್ನ ಅಳತೆ ಕಾಗದದಿಂದ ಉಗುರಿನಷ್ಟು ಅಗಲದ ಒಂದು ತುಂಡು ಕತ್ತರಿಸಿ ಇಂಜಿನ್ನಿನ ಎರಡು ಭಾಗಗಳ ನಡುವೆ ಇಡಲು ಹೊರಟ.

"ಇದೇನು?" ಅಂತ ಬರೆದೆ.

"ಗ್ಯಾಸ್ಕೆಟ್ಟು. ಅದಿಲ್ದೆ ಹೆಡ್ ಕೂರಿಸ್ತಾರಾ? ಎಣ್ಣೆ ಸೋರಲ್ವಾ?"

"ಅದರಲ್ಲಿ ಎಣ್ಣೆನೇ ಇಲ್ಲ!"

"ಇಲ್ಲ ಅಂತ ಕೆಲಸ ಕೆಡಿಸ್ಲಾ?" ಅಂದವನೇ ಕಾಗದ ಇಟ್ಟು ಅಂಟಿಸಿದ. ಹೆಬ್ಬೆರಳುದ್ದದ ಇಂಜಿನ್ ನಿಂತಿತು.

ಆಮೇಲೆ ನಡೆದದ್ದೇ ನನ್ನ ತಪ್ಪು. ಅವನು ಡ್ರಾಯರ್ ಎಳೆದು ಸ್ಕ್ರೂಡ್ರೈವರ್ ತೆಗೆದ. ಅದರ ತುದಿಯನ್ನು ಆ ಪ್ಲಾಸ್ಟಿಕ್ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ಕೈ ತನ್ನಷ್ಟಕ್ಕೆ ತಾನೇ ಹಳೇ ದಾರಿ ಹಿಡಿದಿತ್ತು. ನನಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ನಕ್ಕದ್ದು ಅವನಿಗೆ ಕೇಳಿಸಲಿಲ್ಲ, ಆದರೆ ಅವನು ಕಣ್ಣು ಬಿಟ್ಟಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಸ್ಕ್ರೂಡ್ರೈವರ್ ಡ್ರಾಯರಿಗೆ ಹೋಯಿತು. ಇಂಜಿನ್ ಡಬ್ಬಿಗೆ ಹೋಯಿತು. ಅವನು ಕುರ್ಚಿಗೆ ಹೋದ. ನಾನು ನಾಲಿಗೆ ಕಚ್ಚಿಕೊಂಡು "ತಪ್ಪಾಯ್ತು ಅಣ್ಣ" ಅಂತ ಬರೆದೆ. ಅವನು ಎದ್ದು ಬಂದು ನೋಡಲೇ ಇಲ್ಲ. ನಾಲ್ಕು ದಿನ ಆ ಅಕ್ಷರಗಳನ್ನು ನಾನೂ ಒರೆಸಲಿಲ್ಲ, ಬಟ್ಟೆಗಳನ್ನು ಅದರ ಸುತ್ತ ಹರಡಿಕೊಂಡೇ ಕತ್ತರಿಸಿದೆ. ನನ್ನ ಈ ಹಾಳು ಬಾಯಿಯನ್ನೇ ಹೊಲಿದುಬಿಡಬೇಕು ಅನ್ನಿಸಿತು.

ಐದನೇ ದಿನ ಬೇರೆ ಉಪಾಯ ಮಾಡಿದೆ. ಅವನು ನೋಡುವಂತೆ ಡಬ್ಬಿ ತೆಗೆದು, ಗೇರ್‌ಬಾಕ್ಸಿಗೆ ನಾನೇ ಬೆಳ್ಳಿ ಬಣ್ಣ ಬಳಿದೆ. ದಪ್ಪವಾಗಿ, ಸುರಿಯುವ ಹಾಗೆ. ಅವನು ಒಂದು ಸಲ ಹೊರಳಿ ನೋಡಿದ, ಎರಡು ಸಲ ನೋಡಿದ, ಮೂರನೇ ಸಲ ತಡೆಯಲಾರದೆ ಎದ್ದು ಬಂದ.

"ಥೂ, ಇದು ಗೇರ್‌ಬಾಕ್ಸಾ, ನೆಂದ ಸೋಪಾ? ಕೊಡಿಲ್ಲಿ. ಹೊಲಿಗೆ ಬಿಟ್ಟು ನಿಂಗೆ ಏನು ಬರುತ್ತೆ?"

"ಏನೂ ಬರಲ್ಲ" ಅಂತ ಬರೆದೆ. ಅವನು ಆ ಮಾತನ್ನೂ ಅದರ ಪಕ್ಕದಲ್ಲಿದ್ದ ಹಳೆಯ ಮಾತನ್ನೂ ಒಂದೇ ಸಲಕ್ಕೆ ತೋಳಿನಿಂದ ಒರೆಸಿದ. ನಮ್ಮಲ್ಲಿ ರಾಜಿ ಆಗುವುದೇ ಹೀಗೆ.

ನನ್ನ ಬಣ್ಣವನ್ನೆಲ್ಲ ಕೆರೆದು ತೆಗೆದ. ಮೊದಲು ತೆಳ್ಳಗೆ ಬೂದು, ಅದು ಒಣಗಿದ ಮೇಲೆ ಇಂಜಿನ್ನಿಗೆ ನೀಲಿ, ಗೇರ್‌ಬಾಕ್ಸಿಗೆ ಮಂಕು ಬೆಳ್ಳಿ, ಹೊಗೆ ಹೋಗುವ ಕೊಳವೆಗಳಿಗೆ ತುಕ್ಕಿನ ಕಂದು. ಆಮೇಲೆ ಕಪ್ಪನ್ನು ನೀರಿನಷ್ಟು ತೆಳುಮಾಡಿ ಸಂದಿಗಳಲ್ಲಿ ಹರಿಯಬಿಟ್ಟ. ಹೊಚ್ಚಹೊಸ ಪ್ಲಾಸ್ಟಿಕ್ಕು ನೋಡುತ್ತಿದ್ದ ಹಾಗೇ ಲಕ್ಷ ಮೈಲಿ ಓಡಿದ ಇಂಜಿನ್ ಆಗಿಹೋಯಿತು. ಪ್ಲಗ್ ವಯರುಗಳು ಡಬ್ಬಿಯಲ್ಲಿ ಇರಲಿಲ್ಲ. ನನ್ನ ಕಪ್ಪು ನೂಲಿಗೆ ಮೇಣ ಸವರಿ ಆರು ಎಳೆ ಕತ್ತರಿಸಿ, ಯಾವುದು ಎಲ್ಲಿಗೆ ಹೋಗಬೇಕೋ ಸರಿಯಾಗಿ ಅಲ್ಲಿಗೇ ಕೂರಿಸಿದ.

ಒಂದು ಬೆಳಿಗ್ಗೆ ಅವನು ಮೂರೇ ಕೂದಲಿನ ಕುಂಚ ಹಿಡಿದು ಬೋಲ್ಟುಗಳ ತಲೆಗೆ ಬಣ್ಣ ಮುಟ್ಟಿಸುತ್ತಿದ್ದ. ನಾನು ಪಕ್ಕದಲ್ಲಿ ಒಂದು ಪರದೆಯ ಉದ್ದನೆಯ ಅಂಚು ಹೊಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು.

"ನಿಲ್ಲಿಸ್ಬೇಡ, ತುಳೀತಾ ಇರು" ಅಂದ. ಕುಂಚ ಕೆಳಗಿಟ್ಟು ಐದು ಬೆರಳನ್ನೂ ಮೇಜಿನ ಮೇಲೆ ಹರಡಿದ. "ನಿನ್ನ ಮೆಷಿನ್ ಕುಂಟ್ತಿದೆ ಕಣೇ."

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷದಿಂದ ತುಳಿಯುವವಳು ನಾನು, ಕಿವಿ ಇರುವವಳೂ ನಾನು! "ಅದು ಬೆಲ್ಟಿನ ಕೊಂಡಿ. ಚಕ್ರ ಹತ್ತುವಾಗ ಟಿಕ್ ಅನ್ನುತ್ತೆ, ಯಾವಾಗಲೂ" ಅಂತ ಗೀಚಿದೆ.

"ಕೊಂಡಿದು ಒಂದು ನೆಗೆತ. ಅದಕ್ಕೂ ಮುಂಚೆ ಇನ್ನೊಂದಿದೆ, ಸಣ್ಣದು. ಎರಡೂ ಬಂದಾಗ ನನ್ನ ಕುಂಚ ಅಲುಗ್ತಿದೆ. ನಿನ್ನೆ ಇರಲಿಲ್ಲ."

ಮೆಷಿನ್ ನಿಲ್ಲಿಸಿ, ಬಗ್ಗಿ, ಚರ್ಮದ ಬೆಲ್ಟನ್ನು ಬೆರಳಲ್ಲಿ ಸರಿಸುತ್ತಾ ನೋಡಿದೆ. ಕೊಂಡಿಯಿಂದ ಎರಡು ಬೆರಳು ಆಚೆಗೆ ಬೆಲ್ಟು ಅರ್ಧದಷ್ಟು ಸೀಳಿತ್ತು. ಇನ್ನೊಂದು ದಿನ ತುಳಿದಿದ್ದರೆ ಕಿತ್ತು ಬರುತ್ತಿತ್ತು. ನಾನು ಆ ಸೀಳನ್ನು ಎತ್ತಿ ತೋರಿಸಿದೆ. ಅವನು ಅದನ್ನಲ್ಲ, ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ.

"ಬೆಲ್ಟ್ ತರಬೇಕು, ಜೊತೆಗೆ ಬಾ" ಅಂತ ಮಾತ್ರ ಬರೆದೆ. ಬೆಲ್ಟಿನ ಅಂಗಡಿಗೆ ಗ್ಯಾರೇಜಿನ ಮುಂದೆಯೇ ಹೋಗಬೇಕು ಅನ್ನುವುದು ಅವನಿಗೂ ಗೊತ್ತು. ಅವನು ಡ್ರಾಯರ್ ಎಳೆದು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿಯೂ ನೋಡದವಳಂತೆ ಚಪ್ಪಲಿ ಮೆಟ್ಟಿದೆ.

ಗ್ಯಾರೇಜನ್ನು ಈಗ ನೋಡಿಕೊಳ್ಳುವವನು ಅವನ ಶಿಷ್ಯ. ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲವಾದ್ದರಿಂದ ಅವನ ಅಡ್ಡಹೆಸರು ಸೈಲೆನ್ಸರ್. ಬಾಗಿಲಲ್ಲಿ ಅಣ್ಣನನ್ನು ಕಂಡದ್ದೇ ಕೈಯಲ್ಲಿದ್ದ ಸ್ಪ್ಯಾನರ್ ಬೀಳಿಸಿದ. ಒಂದು ಕಾರು ಬಾನೆಟ್ ತೆರೆದು ನಡುಗುತ್ತಾ ನಿಂತಿತ್ತು.

"ಎರಡು ದಿನದಿಂದ ನಾಲ್ಕನೇ ಸಿಲಿಂಡರನ್ನೇ ಬಿಚ್ಚಿ ಬಿಚ್ಚಿ ಹಾಕ್ತಿದ್ದೀನಿ ಅಕ್ಕಾ" ಅಂದ ನನಗೆ. "ಸರಿಹೋಗ್ತಿಲ್ಲ."

ಅಣ್ಣ ಯಾರನ್ನೂ ಕೇಳದೆ ಒಳಗೆ ಹೋದ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿದ. ಹಿಡಿ ಅರ್ಧ ದಾರಿಯವರೆಗೆ ಕಿವಿಯ ಕಡೆ ಏರಿ, ನಿಂತು, ಕೆಳಗಿಳಿಯಿತು. ಅದನ್ನು ಬೆರಳ ತುದಿಗಳಲ್ಲಿ ಹಿಡಿದು ಕಣ್ಣು ಮುಚ್ಚಿದ. ಒಂದನೇದು, ಎರಡನೇದು, ಮೂರನೇದು, ನಾಲ್ಕನೇದು. ಮತ್ತೆ ಹಿಂದಕ್ಕೆ. ಅರ್ಧ ನಿಮಿಷ ಅಲ್ಲ, ಐದು ನಿಮಿಷವಾಯಿತು. ನಾನು ಸೆರಗನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದ್ದೆ.

"ಮೂರನೇದು" ಅಂದ.

ಸೈಲೆನ್ಸರ್ ನಾಲ್ಕನೇ ಪ್ಲಗ್ಗಿನ ವಯರ್ ಎಳೆದ. ಇಂಜಿನ್ ಇನ್ನೂ ಜಾಸ್ತಿ ನಡುಗಿತು. ಅದನ್ನು ಸಿಕ್ಕಿಸಿ ಮೂರನೆಯದನ್ನು ಎಳೆದ. ಏನೂ ಬದಲಾಗಲಿಲ್ಲ. ಅಂದರೆ ಕೆಲಸ ಮಾಡದೆ ಸತ್ತಿದ್ದ ಸಿಲಿಂಡರು ಅದೇ. ಸೈಲೆನ್ಸರ್ ಅಣ್ಣನ ಎರಡೂ ಕೈ ಹಿಡಿದುಕೊಂಡು, ಕೇಳುವುದಿಲ್ಲ ಅಂತ ಗೊತ್ತಿದ್ದರೂ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: "ಅವತ್ತು ಆ ಕಟಕಟ ನಂಗೆ ಕೇಳಿಸಿತ್ತು ಗುರುಗಳೇ! ಹೇಳಲಿಲ್ಲ. ನೀವು ಸರಿ ಅಂದ್ರಿ, ನನ್ನ ಕಿವಿನೇ ಸರಿಯಿಲ್ಲ ಅಂದ್ಕೊಂಡೆ. ಅದು ನನ್ನ ತಪ್ಪು!"

ಅಣ್ಣ ನನ್ನ ಮುಖ ನೋಡಿದ. ನಾನು ಕೈಚೀಲದಿಂದ ಸೀಮೆಸುಣ್ಣ ತೆಗೆದು ಕಾರಿನ ಟೈರಿನ ಮೇಲೆ ಬರೆದೆ: "ಅವನಿಗೆ ಕೇಳಿಸಿತ್ತಂತೆ. ಹೆದರಿ ಹೇಳಲಿಲ್ಲವಂತೆ."

ಅಣ್ಣ ಅದನ್ನು ಓದಿ, ತೋಳಿನಿಂದ ಒರೆಸಿ, "ಇನ್ಮೇಲೆ ಹೇಳ್ತೀಯೇನೋ?" ಅಂತ ಕೇಳಿದ. ಸೈಲೆನ್ಸರ್ ತಲೆಯಾಡಿಸಿದ. "ಹಾಗಾದ್ರೆ ನಾಳೆ ಬರ್ತೀನಿ. ಕಿವಿ ನಿಂದು, ಕೈ ನಂದು."

ಹೊಸ ಬೆಲ್ಟು ತಂದು ಹಾಕಿದೆವು. ಮರುದಿನದಿಂದ ಅವನು ಗ್ಯಾರೇಜಿಗೆ ಹೋಗುತ್ತಿದ್ದಾನೆ. ಮೇಜಿನ ಆ ಅರ್ಧ ಭಾಗ ಮತ್ತೆ ನನ್ನದಾಗಿದೆ. ಕಾರಿನ ಮೈ, ಚಕ್ರ, ಸೀಟುಗಳು ಇನ್ನೂ ಡಬ್ಬಿಯಲ್ಲೇ ಇವೆ, ಬಿಡುವಾದಾಗ ಮಾಡುತ್ತಾನಂತೆ. ಇಂಜಿನ್ ಮಾತ್ರ ಮುಗಿಯಿತು. ಹೋದ ವಾರ ಅದನ್ನು ತಂದು ನನ್ನ ಮೆಷಿನ್ನಿನ ಮೇಲಿಟ್ಟು, "ಇಂಜಿನ್ ನಂಬರ್ ಬರೆದಿದ್ದೀನಿ, ನೋಡು. ನಂಬರ್ ಇಲ್ದೆ ಇಂಜಿನ್ ಹೊರಗೆ ಬಿಡಬಾರದು" ಅಂದ.

ಸೂಜಿಗೆ ನೂಲು ಪೋಣಿಸುವ ಭೂತಗನ್ನಡಿ ಹಿಡಿದು ನೋಡಿದೆ. ನೀಲಿಯ ಮೇಲೆ ಬಿಳಿಯಲ್ಲಿ ಏಳು ಅಂಕಿಗಳಿದ್ದವು. ಎಲ್ಲೋ ನೋಡಿದ್ದೇನಲ್ಲಾ ಅನ್ನಿಸಿತು. ಕಣ್ಣು ಕೆಳಗಿಳಿಸಿದೆ. ನನ್ನ ಹೊಲಿಗೆ ಮೆಷಿನ್ನಿನ ಬುಡದಲ್ಲಿ, ಹಿತ್ತಾಳೆ ಪಟ್ಟಿಯ ಮೇಲೆ ಕೊರೆದಿದ್ದದ್ದೂ ಅದೇ ಏಳು ಅಂಕಿ.

"ಯಾಕೆ?" ಅಂತ ಬರೆದೆ.

"ಕಿವಿ ಹೋದ್ಮೇಲೆ ನನ್ನ ಜೊತೆ ಮೊದಲು ಮಾತಾಡಿದ ಮೆಷಿನ್ ಅದೇ ಅಲ್ವೇನೇ?" ಅಂದ.

ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ನಾನು ಒಂದು ದಿನವೂ ಹೇಳದೇ ಇದ್ದದ್ದನ್ನು ಆಗ ಬರೆದೆ. ಆ ಮೆಷಿನ್ ನೀನು ತಂದುಕೊಡದಿದ್ದರೆ ನಾನೂ ನನ್ನ ಮಗಳೂ ಏನಾಗುತ್ತಿದ್ದೆವೋ ಅಣ್ಣ, ಅಂತ. ಮೇಜಿನ ತುಂಬ ಬರೆದೆ. ಅವನು ನಿಂತು ಕೊನೆಯವರೆಗೂ ಓದಿದ. ತೋಳನ್ನು ಎತ್ತಿದವನು ಒರೆಸದೆ ಕೆಳಗಿಳಿಸಿ, ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೊರಟ.