ಡ್ರೈವರ್ ಕಾಕಾ ಹಾಸಿದ ಅಂಗಿ

ನಡೆಯುವಾಗ ಅವರ ಕತ್ತು ಮತ್ತೆ ಮತ್ತೆ ಬಲಕ್ಕೆ ಹೊರಳುತ್ತಿತ್ತು. ಗದ್ದ ತುಸು ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಹೆಗಲಿನ ಆಚೆ ಏನನ್ನೋ ನೋಡಿ ಮತ್ತೆ ಮುಂದಕ್ಕೆ ತಿರುಗುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಕಾಲಕ್ಕೆ ಬಸ್ಸಿನ ಕನ್ನಡಿ ಇದ್ದ ಜಾಗ ಅದು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾಗಿದ್ದರೂ ಆ ಸುದ್ದಿ ಕತ್ತಿಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ.

ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನೂ ನನ್ನ ತಮ್ಮನೂ ಚಿಕ್ಕವರಿದ್ದಾಗಿನಿಂದ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದೆವು. ಓಣಿಯವರೂ ಹಾಗೆಯೇ ಕರೆಯುತ್ತಿದ್ದರು. ಗದಗಿನಿಂದ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಅವರ ಕೈಯಲ್ಲಿ ಬಹಳ ಕಾಲ ಇತ್ತು. ಊಟಕ್ಕೆ ಕುಳಿತರೂ ಮನೆಯವರೆಲ್ಲ ಕುಳಿತರೋ ಇಲ್ಲವೋ ಎಂದು ಒಂದು ಸುತ್ತು ನೋಡಿ, "ರೈಟ್" ಅಂದ ಮೇಲೆಯೇ ರೊಟ್ಟಿ ಮುರಿಯುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಇದನ್ನು ಎಲ್ಲರೆದುರು ಆಡಿ ನಗುತ್ತಿದ್ದಳು. "ಸರ್ಕಾರದವ್ರು ಬಸ್ ಕಸಗೊಂಡ್ರು ನೋಡವಾ, ಇವ್ರು ಮನೀನ ಬಸ್ ಮಾಡ್ಯಾರ. ನಾ ಕಂಡಕ್ಟರು, ಪಗಾರಿಲ್ಲ!" ಕಾಕಾ ನಗುತ್ತಿರಲಿಲ್ಲ. "ಹತ್ತಿಸ್ಕೊಂಡ ಮ್ಯಾಲ ಇಳಸೂ ತನಕ ಜವಾಬ್ದಾರಿ ನಮ್ದು" ಎನ್ನುತ್ತಿದ್ದರು. ಆ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ನಮಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

ಯುಗಾದಿಗೆ ಮುಂಚೆ ನಮ್ಮ ಭಾಗದಿಂದ ಜನ ಶ್ರೀಶೈಲದ ಮಲ್ಲಯ್ಯನ ಕಡೆಗೆ ಬರಿಗಾಲಲ್ಲಿ ನಡೆಯುತ್ತಾರೆ. ನಮ್ಮ ಓಣಿಯದೂ ಒಂದು ತಂಡವಿದೆ. ತಂಡದ ಮುಂದೆ ಕಂಬಿ ಇರುತ್ತದೆ. ಆಳಿಗಿಂತ ಎತ್ತರದ ಬಿದಿರು, ತುದಿಗೆ ಹಿತ್ತಾಳೆಯ ಕಳಸ, ಅದರ ಕೆಳಗೆ ನವಿಲುಗರಿ, ಗೆಜ್ಜೆ. ನಮಗೆ ಅದು ಕೋಲಲ್ಲ, ಮಲ್ಲಯ್ಯನೇ. ಊರು ಬಿಟ್ಟ ಮೇಲೆ ಶ್ರೀಶೈಲ ಮುಟ್ಟುವ ತನಕ ಅದು ನೆಲಕ್ಕೆ ತಾಗಬಾರದು. ಹೊತ್ತವರು ದಣಿದರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟಿಸಬಹುದು, ಅಷ್ಟೇ. ವಸತಿಯಲ್ಲಿ ಕೂಡ ಗೋಡೆಯ ಗೂಟಕ್ಕೆ ತೂಗುಹಾಕುತ್ತಾರೆ. ಯಾರ ಹೆಗಲಿನಿಂದ ಇಳಿದು ಅದು ನೆಲ ಮುಟ್ಟುತ್ತದೋ ಅವರ ಮನೆಗೆ ಕೇಡು ಎಂಬ ಮಾತು ಮೊದಲಿನಿಂದ ಬಂದಿದೆ.

ಆ ವರ್ಷ ನಾನೂ ತಮ್ಮನೂ ಮೊದಲ ಸಲ ಹೊರಟಿದ್ದೆವು. ಅವ್ವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಅವಳು ಎದ್ದು ಓಡಾಡಿದರೆ ಕಂಬಿ ಹೊರುತ್ತೇನೆ ಎಂದು ತಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬೇಡಿಕೊಂಡಿದ್ದ. ಅವ್ವ ಎದ್ದಿದ್ದಳು. ತಮ್ಮ ತನ್ನ ಮೊಬೈಲ್ ಅಂಗಡಿಗೆ ಬೀಗ ಹಾಕಿ ಬಿಳಿ ಪಂಚೆ ಉಟ್ಟ. ನಾನು ಕಾಲೇಜು ಕಲಿತವಳು, ಹರಕೆಯಲ್ಲಿ ಅಷ್ಟಾಗಿ ನಂಬಿಕೆ ಇಲ್ಲದವಳು. ಆದರೂ ಅವ್ವ ಹೊಸ್ತಿಲು ದಾಟಿ ಬಂದು ತಮ್ಮನ ಕಾಲಿಗೆ ನೀರು ಹಾಕಿದ್ದನ್ನು ಕಂಡು ನಾನೂ ಚಪ್ಪಲಿ ಬಿಟ್ಟೆ.

ತಂಡದ ಮುಂದಾಳು ಕುರ್ತಕೋಟಿಯ ಹಿರಿಯರೊಬ್ಬರು. ಸಾಕಷ್ಟು ಹೊಲ ಉಳ್ಳವರು, ಮಾತು ಗಡುಸು, ನಿಯಮ ಇನ್ನೂ ಗಡುಸು. ಕಾಕಾ ತಂಡದ ನಡುವೆ ಎಲ್ಲೋ ಇರುತ್ತಿದ್ದರು. ಎಲ್ಲರೂ ಬಿಳಿ ಉಟ್ಟರೆ ಇವರು ಧೋತರದ ಮೇಲೆ ಹಳೆಯ ಖಾಕಿ ಅಂಗಿ ತೊಟ್ಟಿದ್ದರು. "ಡ್ರೈವರ್ ಸಾಹೇಬ್ರ, ಮಲ್ಲಯ್ಯ ಪಾಸ್ ಕೇಳ್ತಾನೇನ್ರಿ?" ಎಂದು ಹುಡುಗಿಯರು ಕಾಡಿದರೆ, "ಪಾಸ್ ಇದ್ದವ್ರು ಹಿಂದ ನಡೀರಿ, ಟಿಕೆಟ್ ತಗದವ್ರು ಮುಂದ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಡೋಣಿ ದಾಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಡಾಂಬರು ಕಾದು ಅಂಗಾಲು ಸುಡುತ್ತಿದ್ದರಿಂದ ರಸ್ತೆ ಬಿಟ್ಟು ಹೊಲದ ನಡುವಿನ ಬಂಡಿದಾರಿ ಹಿಡಿದಿದ್ದೆವು. ಮುಂಡರಗಿಯ ಕಡೆಗೆ ಕಣ್ಣು ಹಾಯುವವರೆಗೂ ಬರೀ ಕಪ್ಪುಮಣ್ಣಿನ ಎರೆಹೊಲ. ಕಡಲೆ ಕಿತ್ತು ಮುಗಿದಿತ್ತು, ನೆಲ ಬಿರುಕು ಬಿಟ್ಟಿತ್ತು. ದೂರದಲ್ಲಿ ಒಂದೇ ಒಂದು ಬೇವಿನಮರ. ಮನೆಯಿಲ್ಲ, ಗುಡಿಸಲಿಲ್ಲ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಇದ್ದದ್ದು ಆ ಮರ. ಅದನ್ನು ಬಿಟ್ಟರೆ ತಮ್ಮನ ಹೆಗಲ ಮೇಲಿನ ಕಂಬಿ.

ಎಲ್ಲರ ಕಣ್ಣು ತಮ್ಮ ತಮ್ಮ ಪಾದಗಳ ಮೇಲಿತ್ತು. ಹಿಂದೆ ನೋಡುವ ಚಟ ಇದ್ದವರು ಒಬ್ಬರೇ.

"ಹೋಲ್ಡಾನ್!" ಎಂದು ಕಾಕಾ ಕೂಗಿದರು.

ಎಲ್ಲರೂ ನಕ್ಕರು. ಹಿರಿಯರು ನಿಲ್ಲದೆಯೇ, "ಯಾವ ಸ್ಟಾಪ್ ಬಂತ್ರೀ ಡ್ರೈವರ್ರ?" ಎಂದರು.

"ಹಿಂದ ನೋಡ್ರಿ."

ತಿರುಗಿ ನೋಡಿದೆವು. ಕಪ್ಪತಗುಡ್ಡ ಇರಲಿಲ್ಲ. ಅದರ ಜಾಗದಲ್ಲಿ ಮಸಿಯಂಥ ಮೋಡ ನೆಲಕ್ಕೆ ಕುಳಿತಿತ್ತು. ಗಾಳಿ ತಟ್ಟನೆ ನಿಂತಿತು.  ಮರುಗಳಿಗೆ ಧೂಳಿನ ಗೋಡೆಯೊಂದು ನಮ್ಮ ಮೇಲೆ ಬಿತ್ತು, ಅದರ ಬೆನ್ನಿಗೇ ದಪ್ಪ ಹನಿಗಳು. ಅಕಾಲದ ಅಡ್ಡಮಳೆ. ಮೊದಲ ಮಿಂಚು ದೂರದಲ್ಲಿ ಹೊಳೆಯಿತು. ಎರಡನೆಯದು ದೂರದಲ್ಲಿ ಇರಲಿಲ್ಲ.

"ಗಿಡದ ಕೆಳಗ ನಡೀರಿ, ಜಲ್ದಿ!" ಎಂದು ಹಿರಿಯರು ಬೇವಿನಮರದ ಕಡೆ ಓಡಿದರು.

"ಗಿಡದ ಕೆಳಗ ಬ್ಯಾಡ!" ಕಾಕಾನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. "ಒಡ್ಡಿನ ಕೆಳಗ ಇಳೀರಿ. ದೂರ ದೂರ ಕುಂಡ್ರಿ, ಒಬ್ಬರನ್ನೊಬ್ಬರು ಹಿಡ್ಕೋಬ್ಯಾಡ್ರಿ. ಏ ಯವ್ವಾ, ಕುಂಡ್ರು ಅಂದ್ರ ಕುಂಡ್ರು!"

ಆ ಕೊನೆಯ ಮಾತು ನನಗೆ. ನಾನು ಒಡ್ಡಿನ ತಗ್ಗಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತೆ. ಉಳಿದವರೂ ಕುಳಿತರು. ಹಿರಿಯರೊಬ್ಬರೇ ಮರದ ಕೆಳಗಿದ್ದರು. ಬಯಲಲ್ಲಿ ನಿಂತೇ ಇದ್ದವನು ನನ್ನ ತಮ್ಮ. ಅವನು ಕುಳಿತರೂ ಕಂಬಿ ನಿಂತೇ ಇರುತ್ತಿತ್ತು.

"ಕಂಬಿ ಮಲಗಸಪಾ" ಎಂದರು ಕಾಕಾ.

"ಆಗೂದಿಲ್ರಿ ಕಾಕಾ."

"ಸಿಡ್ಲು ಬಡೀತೈತಿ ಲೇ!"

"ಬಡೀಲಿ. ಅವ್ವ ಈಗ ಎದ್ದಾಳ. ನಾ ಇದನ್ನ ನೆಲಕ್ಕಿಟ್ಟು, ಅತ್ತಾಗ ಅಕಿಗೆ ಏನರ ಆದ್ರ?"

ಅವನು ಅಳುತ್ತಿದ್ದನೋ, ಮುಖದ ಮೇಲಿದ್ದದ್ದು ಮಳೆಯೋ ಗೊತ್ತಾಗಲಿಲ್ಲ. ಎರಡೂ ಕೈಯಿಂದ ಬಿದಿರನ್ನು ಎದೆಗೆ ಅವಚಿಕೊಂಡಿದ್ದ. ನಾನು ಕೂಗಿದೆ, ಬೈದೆ, ಕೈ ಮುಗಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಆಗ ಕಂಬಿಯ ತುದಿಯಿಂದ ಒಂದು ಸದ್ದು ಬರತೊಡಗಿತು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂಥ ಸಣ್ಣ ಸುಯ್ಯೆನ್ನುವ ಸದ್ದು. ತಮ್ಮನ ತೋಳಿನ ಕೂದಲು ಆ ಮಳೆಯಲ್ಲೂ ನೆಟ್ಟಗೆ ಎದ್ದು ನಿಂತಿತ್ತು. ನನ್ನ ನೆತ್ತಿ ಚುಮುಗುಟ್ಟಿತು. ಇಂದಿಗೂ ನಮ್ಮ ಮನೆಯಲ್ಲಿ ಹಂಚಿಗೆ ನೀರು ಬಿದ್ದರೆ ನಾನು ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ.

ಕಾಕಾ ಮತ್ತೆ ಕೂಗಲಿಲ್ಲ. ತಮ್ಮನ ಹತ್ತಿರ ಹೋಗಿ ಹೆಗಲಿಗೆ ಹೆಗಲು ತಾಗಿಸಿ ನಿಂತು, ವಸತಿಯ ಹೊತ್ತಿನಲ್ಲಿ ಕೇಳುವ ಹಾಗೆ ಮೆತ್ತಗೆ ಕೇಳಿದರು. "ದಣದೀದಿ. ತಾ ಇಲ್ಲೆ, ನನ್ನ ಪಾಳಿ."

ಹೊರುವ ಪಾಳಿ ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಅದೂ ನಿಯಮವೇ. ತಮ್ಮನ ಕೈ ತಾನೇ ಸಡಿಲವಾಯಿತು. ಕಂಬಿ ಅವನ ಹೆಗಲಿನಿಂದ ಕಾಕಾನ ಹೆಗಲಿಗೆ ದಾಟಿತು.

"ಈಗ ನೀ ಇಳದಿ. ಹೋಗು, ಕುಂಡ್ರು."

ಹಾಗೆ ಹೇಳಿ ಅವರು ನಮ್ಮೆಲ್ಲರಿಂದ ದೂರ, ಬಯಲಿನ ಕಡೆ ನಡೆದರು. ಎರೆಮಣ್ಣು ಕಾಲಿಗೆ ಹಿಡಿದು ಹೆಜ್ಜೆ ಕಿತ್ತು ಕಿತ್ತು ಇಡಬೇಕಾಗಿತ್ತು. ಅವರು ಏನು ಮಾಡಲಿದ್ದಾರೆ ಎಂದು ನನಗೆ ಆಗ ತಿಳಿಯಿತು. ಹಿರಿಯರಿಗೂ ತಿಳಿಯಿತು.

"ಏ ಡ್ರೈವರಾ! ಇಳಸಬ್ಯಾಡ! ಮಲ್ಲಯ್ಯನ್ನ ಕೆಸರಾಗ ಇಳಸ್ತೀಯೇನು?" ಎಂದು ಅವರು ಮರದ ಕೆಳಗಿನಿಂದ ಹೊರಬಿದ್ದು ಕಾಕಾನ ಹಿಂದೆ ಓಡಿದರು. ಕಾಕಾ ಒಂದು ಕೈಯಲ್ಲಿ ಕಂಬಿ ಹಿಡಿದೇ ಇನ್ನೊಂದು ಕೈಯಿಂದ ಖಾಕಿ ಅಂಗಿಯ ಗುಂಡಿ ಕಿತ್ತರು, ಅಂಗಿ ಕಳಚಿ ಕೆಸರಿನ ಮೇಲೆ ಹಾಸಿದರು. ಕಂಬಿಯನ್ನು ಹಸುಗೂಸಿನ ಹಾಗೆ ವಾಲಿಸಿ ಕಳಸದ ತುದಿಯನ್ನು ಅಂಗಿಯ ಮೇಲೆ ಮಲಗಿಸಿದರು. ಬುಡ ನೆಲಕ್ಕೆ ತಾಗದಂತೆ ತಮ್ಮ ಎರಡೂ ಪಾದಗಳ ಮೇಲೆ ಇಟ್ಟುಕೊಂಡು, ತಲೆಯನ್ನು ಮೊಣಕಾಲ ನಡುವೆ ಹುದುಗಿಸಿ ಕುಳಿತರು. ಹಿರಿಯರು ಇನ್ನೂ ಅರ್ಧ ದಾರಿಯಲ್ಲಿದ್ದರು. ಕಾಲು ಜಾರಿ ಮುಗ್ಗರಿಸಿ ಬಿದ್ದರು.

ಆಗ ಬೆಳಕಾಯಿತು. ಸದ್ದು ನನಗೆ ನೆನಪಿಲ್ಲ. ಬೆಳಕು, ಆಮೇಲೆ ಕಿವಿಯಲ್ಲಿ ಹತ್ತಿ ತುಂಬಿದಂಥ ಮೌನ, ಆಮೇಲೆ ಸುಟ್ಟ ವಾಸನೆ. ಕಣ್ಣು ಬಿಟ್ಟಾಗ ಬೇವಿನಮರ ತಲೆಯಿಂದ ಬುಡದವರೆಗೆ ಸೀಳಿಹೋಗಿ ಹೊಗೆಯಾಡುತ್ತಿತ್ತು. ಹಿರಿಯರು ಬೆನ್ನು ಒರಗಿಸಿ ನಿಂತಿದ್ದ ಕಡೆ ತೊಗಟೆ ಸುಲಿದು ಬಿಳಿ ಕಟ್ಟಿಗೆ ಕಾಣುತ್ತಿತ್ತು.

ಕಾಕಾ ಅಲುಗಲಿಲ್ಲ. ಸತ್ತರೆಂದೇ ತಿಳಿದೆ. ಬಹಳ ಹೊತ್ತಿನ ಮೇಲೆ ತಲೆ ಎತ್ತಿದರು. ಕತ್ತು ನಿಧಾನವಾಗಿ ಬಲಕ್ಕೆ ಹೊರಳಿತು. ಒಡ್ಡಿನುದ್ದಕ್ಕೂ ಒಬ್ಬೊಬ್ಬರನ್ನೇ ನೋಡಿದರು.

"ಎಲ್ಲಾರೂ ಅದೀರಿಲ್ಲೋ?"

ಎಲ್ಲರೂ ಇದ್ದೆವು.

ಮುಂಡರಗಿಯ ವಸತಿಯಲ್ಲಿ ರಾತ್ರಿ ಪಂಚಾಯ್ತಿ ಕೂಡಿತು. ಹಿರಿಯರ ಪಂಚೆಯ ಕೆಸರು ಇನ್ನೂ ಒಣಗಿರಲಿಲ್ಲ. ಮಾತು ಮಾತ್ರ ಮೊದಲಿನಷ್ಟೇ ಗಡುಸಾಗಿತ್ತು.

"ಜೀವ ಉಳದಾವು, ಖರೆ. ಕಂಬಿ ಇಳದದ್ದೂ ಖರೆ."

"ನೆಲಕ್ಕ ಮುಟ್ಟಿಲ್ರಿ. ಅಂಗಿ ಹಾಸೀನಿ" ಎಂದರು ಕಾಕಾ.

"ಬೆವತ ಅಂಗಿ ಮಡಿ ಆತೇನು?"

"ಆಗೂದಿಲ್ರಿ."

ತಮ್ಮ ಏನೋ ಹೇಳಲು ಎದ್ದ. ಕಾಕಾ ಅವನ ಮೊಣಕಾಲು ಅದುಮಿ ಕೂರಿಸಿದರು. "ಇಳಿಸಿದವ ನಾ. ಕೇಡು ಬಂದ್ರ ನನ್ನ ಮನೀಗೆ ಬರ್ಲಿ. ಈ ಹುಡುಗಂದು ಹೆಗಲ ಮ್ಯಾಲಿಂದ ಹೆಗಲ ಮ್ಯಾಲ ದಾಟೈತಿ, ಇವನ ಹರಕಿ ಚೊಕ್ಕ ಐತಿ. ಅದನ್ನ ಎಲ್ಲಾರೂ ಕೇಳಿಸ್ಕೊರ್ರಿ."

ಹಾಗಾದರೆ ಅದಕ್ಕಾಗಿಯೇ ಕಾಕಾ ಕಂಬಿಯನ್ನು ಮೊದಲು ತಮ್ಮದೇ ಹೆಗಲಿಗೆ ತೆಗೆದುಕೊಂಡಿದ್ದರು. ಸಿಡಿಲು ತಲೆಯ ಮೇಲಿರುವಾಗ ಅವರಿಗೆ ನಮ್ಮ ಅವ್ವನ ನೆನಪಿತ್ತು.

ಇನ್ನು ಮುಂದೆ ಅವರು ಕಂಬಿಗೆ ಹೆಗಲು ಕೊಡಬಾರದು, ತಂಡದ ಕೊನೆಯಲ್ಲಿ ನಡೆಯಬೇಕು ಎಂದು ತೀರ್ಮಾನವಾಯಿತು. "ಆತ್ರಿ, ಲಾಸ್ಟ್ ಸೀಟು. ಕುಲುಕಾಟ ಜಾಸ್ತಿ, ಆದ್ರ ಮಂದಿಯೆಲ್ಲಾ ಕಾಣ್ತಾರ" ಎಂದು ಎದ್ದು ಹೋದರು.  ಸಿಡಿಲು ಸೀಳಿದ ಮರದ ಮಾತನ್ನು ಯಾರೂ ಎತ್ತಲಿಲ್ಲ.

ನಳದ ಹತ್ತಿರ ಅಂಗಿ ಒಗೆಯುತ್ತಿದ್ದರು. ಎರೆಮಣ್ಣಿನ ಕಲೆ ಹೋಗುತ್ತಿರಲಿಲ್ಲ. ಸಿಡಿಲಿನ ಬಗ್ಗೆ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಏನೂ ಗೊತ್ತಿಲ್ಲ ಯವ್ವಾ. ಅಂಜಿಕಿ ಅಷ್ಟ ಗೊತ್ತು." ಅಂಗಿ ಹಿಂಡುವುದನ್ನು ನಿಲ್ಲಿಸಿದರು. "ಹಿಂದ ಶಿರಹಟ್ಟಿ ಹಾದ್ಯಾಗ ಇಂಥಾದ ಮಳಿ. ಒಬ್ಬಾಂವ ನಡುವ ಹೊಲದಾಗ ಇಳಸು ಅಂದ. ಹೆಗಲ ಮ್ಯಾಲ ಸಲಿಕಿ. ಸ್ಟಾಪ್ ಅಲ್ಲದಿದ್ರೂ ಇಳಿಸಿದೆ. ಗೇರ್ ಹಾಕಿ ಕನ್ನಡಿ ನೋಡಿದೆ. ಸಲಿಕಿ ಮ್ಯಾಲ ಬೆಳಕ ಬಿತ್ತು." ಮತ್ತೆ ಕಲೆ ತಿಕ್ಕತೊಡಗಿದರು. "ಇಳಸೂ ತನಕ ಜವಾಬ್ದಾರಿ ಅಂತ ಬಾಯಿಲೆ ಅಂತೀನಿ. ಇಳಿಸಿದ ಮ್ಯಾಲೂ ಮುಗಿಯೂದಿಲ್ಲ ಅದು."

ಶ್ರೀಶೈಲದವರೆಗೂ ಅವರು ಕೊನೆಯಲ್ಲೇ ನಡೆದರು. ಯಾರ ಕಾಲು ಬೊಬ್ಬೆ ಎದ್ದು ಹಿಂದೆ ಬಿದ್ದರೂ ಅವರ ಪಕ್ಕದಲ್ಲಿ ಕಾಕಾ ಇರುತ್ತಿದ್ದರು. ತಮ್ಮ ತನ್ನ ಪಾಳಿ ಮುಗಿದ ಕೂಡಲೇ ಹಿಂದಕ್ಕೆ ಹೋಗಿ ಅವರ ಜೊತೆ ಸೇರಿಕೊಳ್ಳುತ್ತಿದ್ದ. 

ಕಳೆದ ಚಳಿಗಾಲದಲ್ಲಿ ಕಾಕಾನಿಗೆ ಎದೆನೋವು ಬಂತು. ಆ್ಯಂಬುಲೆನ್ಸಿನಲ್ಲಿ ಕಾಕು ಜೊತೆಗಿದ್ದಳು. ನಾನೂ ತಮ್ಮನೂ ಬೈಕಿನಲ್ಲಿ ಹಿಂದೆ ಇದ್ದೆವು. "ಸಾವಕಾಶ ನಡೀಲಪಾ, ಹುಡುಗರು ಹಿಂದ ಬರಾಕ ಹತ್ಯಾರ" ಎಂದು ಅವರು ಒಳಗಿನಿಂದಲೇ ಡ್ರೈವರಿಗೆ ಹೇಳಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು, ಉಸಿರು ಎರಡೂ ನಿಂತಿದ್ದವು. ಕಂಬಿ ಇಳಿಸಿದ್ದಕ್ಕೇ ಹೀಗಾಯಿತು ಎಂದು ಓಣಿಯಲ್ಲಿ ಒಂದಿಬ್ಬರು ಪಿಸುಗುಟ್ಟಿದರು. ಅದನ್ನು ಕೇಳಿದ ಅವ್ವ, ತನ್ನ ಹೊಲಿದ ಎದೆಯ ಮೇಲೆ ಕೈ ಇಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಅತ್ತಳು.

ಈ ವರ್ಷ ತಂಡ ಹೊರಡುವ ಮುಂಜಾನೆ ಕಂಬಿ ಮೊದಲು ತಮ್ಮನ ಹೆಗಲ ಮೇಲಿತ್ತು. ಮನೆ ಮನೆಯ ಮುಂದೆ ನಿಂತು ಕಾಲಿಗೆ ನೀರು ಹಾಕಿಸಿಕೊಳ್ಳುತ್ತಾ ಕಾಕಾನ ಬಾಗಿಲಿಗೆ ಬಂದೆವು. ಕಾಕು ತಂಬಿಗೆಯ ನೀರು ಹಾಕಿದಳು. ಒಳಗೆ ಹೋಗಿ ಖಾಕಿ ಅಂಗಿ ತಂದಳು. ಒಗೆದು, ಇಸ್ತ್ರಿ ಮಾಡಿ, ಮಡಚಿದ್ದಳು. ಬೆನ್ನಿನ ಮೇಲೆ ಕರಿ ಕಲೆ ಹಾಗೆಯೇ ಇತ್ತು.

"ಮಳಿ ಮಾಡ ಎದ್ರ ಇದನ್ನ ಹಾಸಪಾ" ಎಂದಳು ತಮ್ಮನಿಗೆ. "ಯಾರರ ಕೇಳಿದ್ರ, ನಮ್ಮ ಮನಿಯವ್ರು ಹಾಸ್ಯಾರಂತ ಹೇಳು. ಅವ್ರ ತಲೀ ಮ್ಯಾಲ ಹಾಕು."

ತಮ್ಮನಿಗೆ ಕೈ ಖಾಲಿ ಇರಲಿಲ್ಲ. ಅಂಗಿಯನ್ನು ನಾನು ತೆಗೆದುಕೊಂಡು ಅವನ ಚೀಲದ ತಳಕ್ಕೆ, ಯಾರಿಗೂ ಕಾಣದ ಹಾಗೆ ಇಡಲು ಹೋದೆ. ಕುರ್ತಕೋಟಿಯ ಹಿರಿಯರು ಪಕ್ಕದಲ್ಲೇ ನಿಂತಿದ್ದರು. ನನ್ನ ಕೈ ಅಲ್ಲೇ ನಿಂತಿತು.

ಅವರು ಅಂಗಿಯ ಕಲೆಯನ್ನು ನೋಡಿದರು, ಆಮೇಲೆ ಆಕಾಶವನ್ನು ನೋಡಿದರು.

"ತಳಕ್ಕ ಬ್ಯಾಡ ತಂಗಿ" ಎಂದರು. "ಮ್ಯಾಲ ಇಡು. ತಟ್ನ ಕೈಗೆ ಸಿಗಬೇಕು."