ಹೆಸರು ಬರೆಯಲು ಸರಿಸಿದ ಗೋಡೆ

ಇಪ್ಪತ್ತೆಂಟು ವರ್ಷ ಕಾಗದದ ಮೇಲೆ ಕಟ್ಟಡದ ನಕ್ಷೆ ಬರೆದ ನಕ್ಷೆಗಾರ, ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಅದನ್ನು ತನ್ನ ಅಳಿಯನಿಗಿಂತ ಹೆಚ್ಚಾಗಿ ಹೊಗಳುತ್ತಿದ್ದ. ಒಂದು ಹಾಳೆಯಲ್ಲಿ ತಿದ್ದಿದರೆ ನಕ್ಷೆಯ ಹನ್ನೆರಡು ಹಾಳೆಗಳಲ್ಲೂ ಅದೇ ತಿದ್ದಿಕೊಳ್ಳುತ್ತಿತ್ತು. ಕೊನೆಗೆ ಅದೇ ಅವನ ಕುತ್ತಿಗೆಗೆ ಬಂತು. ಆಸ್ಪತ್ರೆಯ ನಕ್ಷೆಯಲ್ಲಿ ‘ಬಚ್ಚಲು’ ಎಂದು ಬರೆಯಲು ಜಾಗ ಸಾಲದೆ, ಹಳೆಯ ಚಾಳಿಯಂತೆ ಗೋಡೆಯ ಗೆರೆಯನ್ನು ತುಸು ಆಚೆ ತಳ್ಳಿದ. ಕಾಗದದಲ್ಲಾದರೆ ಗೆರೆ ಸರಿದರೂ ಅಂಕಿಯಲ್ಲಿ ಬರೆದ ಅಳತೆಯನ್ನಷ್ಟೇ ಮೇಸ್ತ್ರಿ ನಂಬುತ್ತಿದ್ದ. ಇಲ್ಲಿ ಗೆರೆಯ ಜೊತೆ ಅಳತೆಯೂ ಬದಲಾಯಿತು. ಗೋಡೆ ಹಾಗೆಯೇ ಎದ್ದಿತು, ಬಚ್ಚಲ ಹೊರಗಿನ ಕಾರಿಡಾರ್ ಕಿರಿದಾಗಿ ಸ್ಟ್ರೆಚರ್ ತಿರುಗದಾಯಿತು.

“ಗೋಡೆ ಯಾಕೆ ಸರಿಸಿದ್ರಿ ಯಜಮಾನ್ರೇ?” ಎಂದಳು ಅವನ ಮೇಲಧಿಕಾರಿ ಎಂಜಿನಿಯರಮ್ಮ.

“ಗೋಡೆ ಅಲ್ಲ ತಾಯಿ, ಬರೀ ಗೆರೆ.”

“ಕಂಪ್ಯೂಟರಿಗೆ ಬರೀ ಗೆರೆ ಅನ್ನೋದೇ ಇಲ್ಲ. ನಾಳೆಯಿಂದ ಬರ್ಬೇಡಿ.”

ನಕ್ಷೆಗೆ ಕಣ್ಣುಮುಚ್ಚಿ ಸಹಿ ಜಡಿದ ಮೂವರು ಮಹಾಶಯರಿಗೆ ಒಂದು ಮಾತೂ ಬೀಳಲಿಲ್ಲ. ಇವನು ಚೀಲ ಎತ್ತಿಕೊಂಡ. ಬೇರೆಲ್ಲಿ ಕೆಲಸ ಕೇಳಿದರೂ ಎದುರಿಗಿರುವುದು ಇದೇ ಕಂಪ್ಯೂಟರ್ ಪರದೆ ಎಂದು ಅವನಿಗೆ ಗೊತ್ತಿತ್ತು.