ಮಲ್ಲಾಜಮ್ಮ ಮಣ್ಣಿಗಿಟ್ಟ ಅಂಗಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಸೊಟ್ಟ, ಮಾತು ಜೋಡಿಸುವುದೂ ಅಷ್ಟಕ್ಕಷ್ಟೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಮಲ್ಲಾಜಮ್ಮನ ವಿಷಯವನ್ನು ಎರಡು ಸಲ ಬರೆದು, ಅವಳಿಗೇ ಓದಿ ಹೇಳಿ, ಅವಳು ಹಾಗಲ್ಲ ಎಂದದ್ದನ್ನೆಲ್ಲ ಹೊಡೆದುಹಾಕಿ, ಈಗ ಮೂರನೆಯ ಸಲ ಬರೆಯುತ್ತಿದ್ದೇನೆ.

ಅಂತರಸಂತೆಯಿಂದ ಕಾಡಿನ ಕಡೆಗೆ ಹೋದರೆ, ಟಾರು ರಸ್ತೆ ಮುಗಿದ ಮೇಲೆ ಮಲ್ಲಾಜಮ್ಮನ ಹಾಡಿ, ಎಂದರೆ ಕಾಡಿನವರ ಕೇರಿ, ಸಿಗುತ್ತದೆ. ಮೂವತ್ತೆರಡು ಮನೆಗಳಿವೆ. ಅವಳ ವಯಸ್ಸು ನಲವತ್ತೋ ನಲವತ್ತೆರಡೋ ಇರಬೇಕು, ಆಧಾರ್ ಕಾರ್ಡಿನಲ್ಲಿ ಮಾತ್ರ ಐವತ್ತೊಂದು. ಓದು ಬರಹ ಬಾರದು. ಆದರೆ ಹೊಗೆಸೊಪ್ಪಿನ ಎಲೆ ನೋಡಿ ಗ್ರೇಡು ಮಾಡುವುದರಲ್ಲಿ ಅವಳ ಕಣ್ಣೇ ಕಣ್ಣು. ಸೀಸನ್ ಬಂತೆಂದರೆ ಕಟ್ಟೆಮಳಲವಾಡಿಯ ಷಣ್ಮುಖಪ್ಪನವರು ಹೇಳಿ ಕಳಿಸುತ್ತಿದ್ದರು. ಎಲೆ ಒಣಗಿಸುವ ಬ್ಯಾರನ್ನಿನ ಬಾಗಿಲಲ್ಲಿ ಕೂತು, ಒಣಗಿದ ಎಲೆಯನ್ನು ಬೆಳಕಿಗೆ ಹಿಡಿದು, ಈ ತೂತು ಹುಳ ತಿಂದದ್ದು, ಇದು ಆಲಿಕಲ್ಲು ಹೊಡೆದದ್ದು, ಇದು ಕಡ್ಡಿಗೆ ಕಟ್ಟುವಾಗ ಚುಚ್ಚಿದ್ದು ಎಂದು ಬೇರೆ ಮಾಡುತ್ತಿದ್ದಳು. ಕಡ್ಡಿ ಯಾವ ಕಡೆಯಿಂದ ಹೊಕ್ಕು ಯಾವ ಕಡೆಗೆ ಬಂತು ಎಂಬುದನ್ನೂ ಅಂಚು ನೋಡಿ ಹೇಳುತ್ತಿದ್ದಳು.

ಅವಳ ಗಂಡ ಸಣ್ಣಬೀರಯ್ಯ. ಕೊಡಗಿನ ತೋಟದಲ್ಲಿ ಕೆಲಸವಿದ್ದರೆ ಅಲ್ಲಿ, ಇಲ್ಲವಾದರೆ ಮನೆಯಲ್ಲಿ. ಕಳೆದ ವರ್ಷ ಶಿವರಾತ್ರಿ ಮುಗಿದ ವಾರ, ಒಂದು ಮಧ್ಯಾಹ್ನ, ಬೇಲಿಗೆ ಗಳ ಕಡಿದು ತರುತ್ತೇನೆಂದು ಮಚ್ಚು ಹಿಡಿದು ಹೊರಟ. ಅದೇ ಹೊತ್ತಿಗೆ ಬೆಳ್ಳಿಕಟ್ಟೆ ಠಾಣೆಯ ಪೊಲೀಸರು ತೋಟದ ಕಳ್ಳರನ್ನು ಹುಡುಕಿಕೊಂಡು ಆ ಕಡೆ ಬಂದಿದ್ದರು. ಖಾಕಿ ಕಂಡರೆ ಹಾಡಿಯವರು ಓಡುತ್ತಾರೆ. ಅಜ್ಜಂದಿರ ಕಾಲದಿಂದಲೂ ಓಡಿಯೇ ಬದುಕಿದ್ದಾರೆ. ಸಣ್ಣಬೀರಯ್ಯನೂ ಓಡಿದ. ಮಹೇಶ್‌ಕುಮಾರ್ ಎಂಬ ಪೇದೆ ಗುಂಡು ಹಾರಿಸಿದ. ಮಚ್ಚು ಬೀಸಿಕೊಂಡು ಮೇಲೆ ಬಿದ್ದ, ಜೀವ ಉಳಿಸಿಕೊಳ್ಳಲು ಎದುರಿನಿಂದ ಹೊಡೆಯಬೇಕಾಯಿತು ಎಂದು ಠಾಣೆಯವರು ಬರೆದುಕೊಂಡರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಕೊಯ್ದು ಹೆಣ ಕೊಟ್ಟರು; ಆ ವರದಿ ಇವತ್ತಿಗೂ ಅವಳ ಕೈಗೆ ಬಂದಿಲ್ಲ. ಜೊತೆಗೆ ಒಂದು ಪ್ಲಾಸ್ಟಿಕ್ ಕವರನ್ನು ಮಲ್ಲಾಜಮ್ಮನ ಕೈಗಿತ್ತು, ಎರಡು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕವರಿನಲ್ಲಿ ಅವನ ನೀಲಿ ಚೌಕುಳಿ ಅಂಗಿಯಿತ್ತು. ಬಿಡಿಸಿ ನೋಡಿದಳು. ಬೆನ್ನಿನ ಕಡೆ, ಎಡ ಹೆಗಲ ಕೆಳಗೆ, ಎಲಚಿ ಬೀಜದಷ್ಟು ತೂತು. ಅಂಚಿನ ನೂಲು ಒಳಗೆ ಮಡಚಿಕೊಂಡಿತ್ತು. ಎದೆಯ ಕಡೆ ಬಟ್ಟೆ ಹೊರಕ್ಕೆ ಹರಿದಿತ್ತು. ಅವಳಿಗೆ ಇನ್ನೇನೂ ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಆ ಹಾಡಿಯಲ್ಲಿ ಸತ್ತವನು ತೊಟ್ಟದ್ದು, ಬಳಸಿದ್ದು ಯಾವುದನ್ನೂ ಮನೆಯಲ್ಲಿ ಉಳಿಸುವುದಿಲ್ಲ. ಉಳಿಸಿದರೆ ಅವನು ಅದನ್ನು ಹುಡುಕಿಕೊಂಡು ಬರುತ್ತಾನೆ, ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಹಿರಿಯ ಸೋಮಯ್ಯ ಮುಂದೆ ನಿಂತು ಎಲೆಯಡಿಕೆ ಚೀಲ, ಕಂಬಳಿ, ಚಪ್ಪಲಿ ಎಲ್ಲವನ್ನೂ ಹೆಣದ ಜೊತೆ ಗುಂಡಿಗೆ ಇಡಿಸಿದ. ಅಂಗಿಯನ್ನು ಮಲ್ಲಾಜಮ್ಮನೇ ಕವರಿನಿಂದ ತೆಗೆದು, ಮಡಿಸಿ, ಗಂಡನ ತಲೆಯ ಕೆಳಗೆ ಇಟ್ಟಳು. ಅದು ಬೇಕಾದೀತು ಎಂದು ಮೂವತ್ತೆರಡು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಧರಣಿ ಶುರುವಾಯಿತು. ಮೊದಲ ಸಲ ಠಾಣೆಯ ಮುಂದೆ ಸುತ್ತಲಿನ ಹಾಡಿಗಳಿಂದ ಮುನ್ನೂರು ಜನ ಕೂತರು. ಊರೊಳಗಿನವರ ಮಗ ಮಚ್ಚು ಹಿಡಿದು ಓಡಿದ್ದರೆ ಯಾರ ಮಗನೋ ನೀನು ಎಂದು ಕೂಗಿ ಕೇಳುತ್ತಿದ್ದರು, ನಮ್ಮವನ ಹೆಸರನ್ನಾದರೂ ಕೇಳಿದರೇ ಎಂದು ಸಣ್ಣಬೀರಯ್ಯನ ತಮ್ಮ ಶಶಿ ಮೈಕಿನಲ್ಲಿ ಕೇಳಿದ. ಅಧಿಕಾರಿಯೊಬ್ಬರು ಬಂದು ಹದಿನೈದು ದಿನದಲ್ಲಿ ತನಿಖೆ ಮುಗಿಯುತ್ತದೆ ಎಂದರು. ಎರಡನೇ ಸಲ ಬೇರೆ ಅಧಿಕಾರಿ ಬಂದು ಅದೇ ಹದಿನೈದು ದಿನ ಹೇಳಿದರು. ಮೂರನೇ ಸಲಕ್ಕೆ ಅರವತ್ತು ಜನರೂ ಇರಲಿಲ್ಲ. ಕೂಲಿ ಬಿಟ್ಟು ಎಷ್ಟು ದಿನ ಕೂರುತ್ತಾರೆ?

ಎಂಟು ತಿಂಗಳಾದ ಮೇಲೆ ಮಲ್ಲಾಜಮ್ಮ ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಇಳಿದಾಗ, ರಸ್ತೆಯ ನಡುವೆ ಸೀಟಿ ಊದುತ್ತ, ಧರಣಿಯ ದಿನ ಠಾಣೆಯ ಬಾಗಿಲಲ್ಲಿ ಅವಳು ಕಂಡಿದ್ದ ಮಹೇಶ್‌ಕುಮಾರ್ ನಿಂತಿದ್ದ. ಒಂದು ಲಾರಿಯನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಅವಳ ಕಡೆ ತಿರುಗಿ, "ಬನ್ನಿ ಅಮ್ಮ, ಬೇಗ ದಾಟ್ಕಳಿ" ಎಂದ. ಅವನಿಗೆ ಅವಳ ಗುರುತೇ ಹತ್ತಲಿಲ್ಲ. ಅವಳು ದಾಟಿದಳು. ದಾಟಿದ ಮೇಲೆ, ಯಾಕೆ ದಾಟಿದೆನೋ ಎಂದು ತನ್ನನ್ನೇ ಬೈದುಕೊಂಡಳು. ಈಗಲೂ ಬೈದುಕೊಳ್ಳುತ್ತಾಳೆ.

ಹೋದ ತಿಂಗಳು ತನಿಖೆಯ ಅಧಿಕಾರಿ ನಟರಾಜು ಅವಳನ್ನು ಠಾಣೆಗೆ ಕರೆಸಿದರು. ಗುಂಡು ಬೆನ್ನಿಗೆ ಬಿದ್ದದ್ದೆಂದು ಅವಳು ಹೇಳಿದಾಗ, ನೀನೇನು ಡಾಕ್ಟರಾ ಎಂದರು. ಅಂಗಿ ನೋಡಿದ್ದೇನೆ ಎಂದಳು.

"ಎಲ್ಲಮ್ಮ ಆ ಅಂಗಿ?"

"ಮಣ್ಣಲ್ಲದೆ ಸ್ವಾಮಿ. ಅವ್ರ ಜೊತೇಲೆ."

"ಸಾಕ್ಷಿನ ನೀನೇ ಹೂತಾಕಿ, ಈಗ ನ್ಯಾಯ ಕೊಡಿ ಅಂತೀಯ."

ಅವರು ಫೈಲಿನಿಂದ ಒಂದು ಹಾಳೆ ತೆಗೆದು ಓದಿದರು. ಮೃತನ ಹೆಂಡತಿ ತಾನೇ ಕೇಳಿದ್ದರಿಂದ ಬಟ್ಟೆಗಳನ್ನು ಹಿಂತಿರುಗಿಸಲಾಗಿದೆ ಎಂದು ಅದರಲ್ಲಿತ್ತು.

"ನಾ ಕೇಳ್ನೇ ಇಲ್ವಲ್ಲ. ನಿಮ್ಮೋರೇ ಕೈಗ್ ಕೊಟ್ರು."

"ಈ ಹೆಬ್ಬೆಟ್ಟು ಯಾರ್ದು?"

"ನಂದೇ."

"ಮತ್ತೆ?" ಎಂದು ಅವರು ಫೈಲು ಮುಚ್ಚಿದರು.

ಇಟ್ಟುಕೊಳ್ಳಬೇಕಾದವರು ಅವರು. ಕೊಟ್ಟು ಕಳಿಸಿದವರೂ ಅವರೇ. ತಪ್ಪು ಮಾತ್ರ ಅವಳ ತಲೆಗೆ ಬಂತು. ಕೋಟೆ ಪಟ್ಟಣದಲ್ಲಿರುವ ವಕೀಲೆ ಪದ್ಮಶ್ರೀಯವರ ಹತ್ತಿರ ಹೋದಳು. ಅವರು ಹೇಳಿದ್ದಿಷ್ಟು: ಗುಂಡಿಯನ್ನು ನೀವೇ ಅಗೆದರೆ ಬೆಲೆಯಿಲ್ಲ, ಅಧಿಕಾರಿಗಳ ಎದುರು, ಡಾಕ್ಟರು ನೋಡುವಾಗ ತೆಗೆಸಬೇಕು. ನೂಲಿನ ಅಂಗಿಯಾದರೆ ಕರಗಿರುತ್ತದೆ, ಟೆರಿಕಾಟ್ ಆದರೆ ಉಳಿದಿರಬಹುದು. ಗುಂಡು ಮೂಳೆಗೆ ತಾಗಿದ್ದರೆ ಆ ಗುರುತು ಎಲ್ಲಿಗೂ ಹೋಗುವುದಿಲ್ಲ.

ಅಂಗಿ ಟೆರಿಕಾಟ್. ಅಂತರಸಂತೆ ಸಂತೆಯಲ್ಲಿ ಅವಳೇ ಆರಿಸಿದ್ದು.

ಹಾಡಿಯಲ್ಲಿ ಅವಳು ಈ ಮಾತು ತೆಗೆದಳು. ಮಣ್ಣು ಮಾಡಿದವನನ್ನು ಮತ್ತೆ ತೆಗೆದದ್ದನ್ನು ಅಲ್ಲಿ ಯಾರೂ ಕೇಳಿಲ್ಲ, ಕಂಡಿಲ್ಲ. ಸೋಮಯ್ಯ ಆಗುವುದಿಲ್ಲ ಎಂದ. ಶಶಿಗೆ ತಡೆಯಲಾಗಲಿಲ್ಲ.

"ಪೊಲೀಸ್ನೋರು ಕೊಂದ್ರು, ನೀನು ಬಚ್ಚಿಟ್ಟೆ. ಇಬ್ರೂ ಸೇರ್ಕಂಡು ಕೇಸು ಮುಗಿಸ್ಬುಟ್ರಿ ಬುಡಣ್ಣ."

ಸೋಮಯ್ಯನ ಕಣ್ಣು ತುಂಬಿತು. "ತೆಗುದ್ರೆ ಅವ್ನು ಎಲ್ಲಿಗ್ ಓಗ್ಬೇಕು ಕಣ್ಲಾ? ತಿರ್ಗ ಮನೆಗೇ ಬತ್ತಾನೆ."

ಮಲ್ಲಾಜಮ್ಮ ಅಲ್ಲಿಯವರೆಗೆ ಕಂಬಕ್ಕೆ ಒರಗಿ ಕೂತಿದ್ದಳು. ದನಿ ಏರಿಸದೆ ಹೇಳಿದಳು.

"ಬರ್ಲಿ ಬುಡಿ ಸೋಮಯ್ಯಣ್ಣ. ಬಂದು, ಯಾವ್ ಕಡೆಯಿಂದ ಒಡುದ್ರು ಅಂತ ಆವಯ್ಯನೇ ಯೋಳ್ಲಿ. ನಾ ಯೋಳಿದ್ನ ಯಾರೂ ಕೇಳ್ನಿಲ್ವಲ್ಲ."

ಸೋಮಯ್ಯ ಒಪ್ಪಿದನೆಂದು ಹೇಳಲಾರೆ. ಗುಂಡಿಯ ಹತ್ತಿರ ತಾನು ಬರುವುದಿಲ್ಲ ಎಂದಷ್ಟೇ ಹೇಳಿ ಎದ್ದು ಹೋದ. ಗುಂಡಿಯಿಂದ ಎದ್ದು ಮನೆಗೆ ಬರುವ ಸಣ್ಣಬೀರಯ್ಯನಿಗೆ ಅನ್ನ ಇಡಬೇಕೋ ಬೇಡವೋ ಎಂದು ಹೆಂಗಸರು ಇನ್ನೂ ಮಾತಾಡಿಕೊಳ್ಳುತ್ತಿದ್ದಾರೆ. ಮಲ್ಲಾಜಮ್ಮ ಆ ಮಾತಿಗೆ ಹೋಗುವುದಿಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಅವಳು ಹುಣಸೂರಿಗೆ ಹೋಗುತ್ತಾಳೆ. ಗುಂಡಿ ತೆಗೆಸಬೇಕೆಂಬ ಅರ್ಜಿಯನ್ನು ಅದಕ್ಕೆ ಆದೇಶ ಕೊಡುವ ಎಸಿ ಸಾಹೇಬರ ಕಚೇರಿಗೆ ಕೊಟ್ಟು, ಸೀಲು ಬಿದ್ದ ನಕಲು ಕೈಗೆ ಬರುವವರೆಗೆ ಅಲ್ಲೇ ಕೂತಿರುತ್ತಾಳೆ.